ಹಳ್ಳಕ್ಕೆ ಬುದ್ಧಿ ಹೇಳಿದ ಊರು

ಇಂಗ್ಲೆಂಡ್ ಎಂದೊಡನೆ ನಮಗೆಲ್ಲ ಲಂಡನ್ನೇ ನೆನಪಾಗುವುದು. ಆದರೆ ಸೋದರಿಯರೇ, ಆ ದೇಶದ ಸೊಗಸನ್ನು ಸಣ್ಣ ಊರುಗಳಲ್ಲೂ ನೋಡಬೇಕು. ಕಳೆದ ಆಗಸ್ಟಿನಲ್ಲಿ ಮಗಳ ಮನೆಗೆ ಹೋಗಿದ್ದಾಗ, ಅಳಿಯಂದಿರು ನಮ್ಮಿಬ್ಬರನ್ನೂ ಉತ್ತರ ಯಾರ್ಕ್‌ಷೈರಿನ ಪಿಕರಿಂಗ್‌ಗೆ ಕರೆದೊಯ್ದರು. ಬೆನ್ನಿಗೆ 'ಮೂರ್' ಎಂದು ಕರೆಯುವ ವಿಶಾಲವಾದ ಬೋಳುಗುಡ್ಡಗಳು, ಅದರಾಚೆ ಸಮುದ್ರ.

ಅಂದು ಸೋಮವಾರ, ಸಂತೆಯ ದಿನ. ಇಳಿಜಾರಿನ ಬೀದಿ ಹತ್ತಿದರೆ ಚರ್ಚು. ಅದರ ಗೋಡೆಗಳ ಮೇಲೆ 15ನೇ ಶತಮಾನದ ಚಿತ್ರಗಳು. ಬಹುಕಾಲ ಸುಣ್ಣದಡಿ ಅಡಗಿದ್ದವಂತೆ. 19ನೇ ಶತಮಾನದಲ್ಲಿ ಬೆಳಕಿಗೆ ಬಂದಾಗ ಪಾದ್ರಿಯವರಿಗೆ ಹಿಡಿಸದೆ ಮತ್ತೆ ಸುಣ್ಣ ಬಳಿಸಿದರು! ಆಮೇಲೆ ಅದನ್ನು ತೆಗೆಸಿದರು. ಮಗುವನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟುವ ಸಂತ ಕ್ರಿಸ್ಟೋಫರನ ಚಿತ್ರ ಮರೆಯುವಂಥದ್ದಲ್ಲ.

ಆ ಊರಿಗೂ ನೀರಿನದೇ ಭಯ. ಊರೊಳಗೇ ಹರಿಯುವ ಪಿಕರಿಂಗ್ ಬೆಕ್ ಎಂಬ ಹಳ್ಳ 1999ರಿಂದ 2007ರೊಳಗೆ ನಾಲ್ಕು ಬಾರಿ ಉಕ್ಕಿ ಮನೆ, ಅಂಗಡಿಗಳಿಗೆ ನುಗ್ಗಿತು. ಊರೊಳಗೆ ತಡೆಗೋಡೆ ಕಟ್ಟಲು ಸುಮಾರು 2 ಕೋಟಿ ಪೌಂಡ್ ಬೇಕಿತ್ತು. ಅಷ್ಟು ಹಣ ಎಲ್ಲಿಂದ ತರುವುದು?

ಅವರು ಮಾಡಿದ ಉಪಾಯವನ್ನು ರೈಲಿನಲ್ಲಿ ಹೋಗುತ್ತ ಅಳಿಯಂದಿರು ವಿವರಿಸಿದರು. 2009ರಿಂದ ಹಳ್ಳದ ಮೇಲ್ಭಾಗದ ತೊರೆಗಳಿಗೆ ಅಡ್ಡಲಾಗಿ ಮರದ ದಿಮ್ಮಿಗಳನ್ನು ಇಟ್ಟರು. ಗುಡ್ಡದ ಕೊರಕಲುಗಳಲ್ಲಿ ಒಣಗಿಡಗಳ ಕಟ್ಟುಗಳನ್ನು ಹೂತರು, ಸಸಿ ನೆಟ್ಟರು, ಮಣ್ಣಿನ ಒಂದು ದೊಡ್ಡ ಏರಿಯನ್ನೂ ಕಟ್ಟಿದರು. ದಿನನಿತ್ಯದ ನೀರು ದಿಮ್ಮಿಗಳ ಕೆಳಗೆ ಹರಿದುಹೋಗುತ್ತದೆ. ನೆರೆ ಬಂದಾಗ ಮಾತ್ರ ತಡೆದು ತಡೆದು ಇಳಿಯುತ್ತದೆ. ಗಂಜಿ ಬಸಿಯುವಾಗ ಪಾತ್ರೆಯ ಬಾಯಿಗೆ ತಟ್ಟೆ ಓರೆಯಾಗಿ ಹಿಡಿಯುತ್ತೇವಲ್ಲ, ಅದೇ ಯುಕ್ತಿ! 2015ರ ಡಿಸೆಂಬರ್ 26ರ ಮಳೆಗೆ ಯಾರ್ಕ್, ಲೀಡ್ಸ್ ನಗರಗಳಿಗೇ ನೀರು ನುಗ್ಗಿತು. ಪಿಕರಿಂಗ್ ಉಳಿಯಿತು.

ಆದರೂ ಸಂತೆಯಲ್ಲಿ ಮಾತಿಗೆ ಸಿಕ್ಕ ಅಜ್ಜಿಯೊಬ್ಬರು, "ರಾತ್ರಿ ಮಳೆ ಜೋರಾದ್ರೆ ನಾನು ಈಗಲೂ ಎದ್ದು ಕಿಟಕೀಲಿ ನೋಡ್ತೀನಮ್ಮ" ಎಂದಿದ್ದರು. ಮನೆಯೊಳಗೆ ಒಮ್ಮೆ ಕೆಸರು ತೊಳೆದ ಹೆಂಗಸಿಗೆ ಆ ನಿದ್ದೆ ಮತ್ತೆ ಬರುವುದು ಸುಲಭವೇ?

ನಾವು ಕುಳಿತದ್ದು ಉಗಿಬಂಡಿಯಲ್ಲಿ. 1836ರಲ್ಲಿ ಈ ಹಾದಿಯಲ್ಲಿ ಕುದುರೆಗಳೇ ಗಾಡಿ ಎಳೆಯುತ್ತಿದ್ದವಂತೆ. 1965ರಲ್ಲಿ ಮುಚ್ಚಿದ ಹಾದಿಯನ್ನು ರೈಲುಪ್ರಿಯರು ಸೇರಿ 1973ರಲ್ಲಿ ಮತ್ತೆ ತೆರೆದರು. ಹಳ್ಳದ ಕಣಿವೆ ದಾಟಿದರೆ ಗುಡ್ಡದ ತುಂಬ ನೇರಳೆ ಹೂವು. ಗಿಡದ ಹೆಸರು 'ಹೆದರ್', ಹೆದರಬೇಕಾದ್ದೇನೂ ಇಲ್ಲ! ಕೊನೆಗೆ ವಿಟ್ಬಿ ಬಂದರು. ಕ್ಯಾಪ್ಟನ್ ಕುಕ್‌ನ 'ಎಂಡೆವರ್' ಹಡಗು ಕಟ್ಟಿದ ಊರಿದು. 199 ಮೆಟ್ಟಿಲು ಹತ್ತಿದರೆ ಪಾಳು ಮಠ, ಕೆಳಗೆ ಕಡಲು. ಬುತ್ತಿಯ ಚಪಾತಿ-ಪಲ್ಯ ಅಲ್ಲೇ ಮುಗಿಸಿದೆವು.

ಹೋಗುವವರು ಹೂವಿನ ಕಾಲವಾದ ಆಗಸ್ಟಿನಲ್ಲೇ ಹೋಗಿ. ಎಲ್ಲ ಗಾಡಿಗಳೂ ವಿಟ್ಬಿವರೆಗೆ ಹೋಗುವುದಿಲ್ಲ, ಮೊದಲೇ ವಿಚಾರಿಸಿ. ಬೇಸಿಗೆಯೆಂದು ಸ್ವೆಟರ್ ಮಾತ್ರ ಮನೆಯಲ್ಲಿ ಬಿಡಬೇಡಿ!