ಒಪ್ಪಿಸಿಕೊಳ್ಳುವವರಿಲ್ಲದ ವೇಳೆಯಲ್ಲಿ

ಕನ್ನಡದಲ್ಲಿ ‘ಒಪ್ಪಿಸು’ ಎಂಬುದು ಬಹು ಅರ್ಥಗರ್ಭಿತವಾದ ಮಾತು. ಶಿಷ್ಯನು ಗುರುವಿಗೆ ಪಾಠ ಒಪ್ಪಿಸುತ್ತಾನೆ, ಗುಮಾಸ್ತನು ಯಜಮಾನನಿಗೆ ಲೆಕ್ಕ ಒಪ್ಪಿಸುತ್ತಾನೆ, ಎರವಲು ತಂದವನು ತಂದ ವಸ್ತುವನ್ನು ಒಡೆಯನಿಗೆ ಒಪ್ಪಿಸುತ್ತಾನೆ. ‘ಒಪ್ಪು’ ಎಂಬ ಧಾತುವಿನ ಪ್ರೇರಣಾರ್ಥಕ ರೂಪವಿದು. ಎದುರಿನವರು ‘ಸರಿಯಾಗಿದೆ’ ಎಂದು ಒಪ್ಪುವಂತೆ ಮಾಡುವುದೇ ಒಪ್ಪಿಸುವುದು. ಆದ್ದರಿಂದ ಈ ಕೆಲಸಕ್ಕೆ ಇಬ್ಬರು ಬೇಕು. ಕೊಡುವವನೊಬ್ಬನೇ ಇದ್ದು ಪಡೆಯುವವನು ಇಲ್ಲದಿದ್ದರೆ ಅದು ಬಿಟ್ಟುಹೋಗುವುದಾದೀತೇ ಹೊರತು ಒಪ್ಪಿಸುವುದಾಗದು.

ನಾನು ಓದಿದ ಮಠದ ಉಗ್ರಾಣದಿಂದ ಸುತ್ತಲಿನ ಊರವರು ಮದುವೆ, ಗೃಹಪ್ರವೇಶಗಳಿಗೆ ಕೊಪ್ಪರಿಗೆ, ಹಂಡೆ, ಜಮಖಾನೆಗಳನ್ನು ಒಯ್ಯುತ್ತಿದ್ದರು. ಉಗ್ರಾಣದ ಹೊಣೆ ಹೊತ್ತಿದ್ದ ಹಿರಿಯರದು ಒಂದು ಕಟ್ಟಳೆ. ರಾತ್ರಿ ಬಾಗಿಲು ಹಾಕಿದ ಮೇಲೆ ಪಾತ್ರೆ ತಂದವರು ಅದನ್ನು ಜಗಲಿಯ ಮೇಲೆ ಇಡಬಹುದು. ಆದರೆ ಬೆಳಿಗ್ಗೆ ಬಂದು ಎಣಿಸಿ ಕೊಡುವವರೆಗೆ ಹೊಣೆ ತಂದವರದೇ. ಬಾಲಕರಾದ ನಮಗೆ ಇದು ಅತಿ ಬಿಗಿಯೆನಿಸುತ್ತಿತ್ತು. ಅದೇ ಕಟ್ಟಳೆಯನ್ನು ಬಾಡಿಗೆ ಕಾರಿನ ಕರಾರುಪತ್ರವೊಂದರಲ್ಲಿ ಅಚ್ಚಾಗಿರುವಂತೆ ಓದುವ ಪ್ರಸಂಗ ನನಗೆ ಅರವತ್ತು ದಾಟಿದ ಮೇಲೆ ಒದಗಿತು.

ನನ್ನ ಮಗನು ಜರ್ಮನಿಯಲ್ಲಿ ಉದ್ಯೋಗದಲ್ಲಿದ್ದಾನೆ. ಕಳೆದ ಬಾರಿ ಊರಿಗೆ ಬಂದಾಗ ಸೋದರತ್ತೆಯನ್ನು ನೋಡದೆ ಹೋಗಲಾರೆನೆಂದನು. ನನ್ನ ಅಕ್ಕ ಕೋಲಾರ ಚಿನ್ನದ ಗಣಿಯ ನಂದಿದುರ್ಗದಲ್ಲಿದ್ದಾರೆ. ಅವರ ಮಗಳ ಮನೆ ಬಂಗಾರಪೇಟೆಯಲ್ಲಿ. ಎರಡೂ ಕಡೆ ಹೋಗಿಬರಲು ಅವನು ತಾನೇ ಓಡಿಸುವ ಬಾಡಿಗೆ ಕಾರನ್ನು ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಪಡೆದನು. ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳಿರುವ ಕಾರುಗಳನ್ನು ಓದುಗರು ನೋಡಿರಬಹುದು. ಚಾಲಕನಿಲ್ಲದೆ ಬಾಡಿಗೆಗೆ ಕೊಡುವ ವಾಹನದ ಗುರುತು ಅದು. 1988ರ ಮೋಟಾರು ವಾಹನ ಕಾಯಿದೆಯ ಆಧಾರದ ಮೇಲೆ 1989ರಲ್ಲಿ ಇಂಥ ಬಾಡಿಗೆಗೆಂದು ಒಂದು ಯೋಜನೆ ಜಾರಿಗೆ ಬಂದಿತು. ಕಾರು ಕೊಡುವ ತರುಣನು ‘ನಂದಿದುರ್ಗ’ ಎಂದೊಡನೆ ‘ಬೆಟ್ಟಕ್ಕೆ ತಾನೆ ಸರ್?’ ಎಂದನು. ವಿಮಾನ ನಿಲ್ದಾಣದವರಿಗೆ ನಂದಿದುರ್ಗವೆಂದರೆ ಹತ್ತಿರದ ನಂದಿಬೆಟ್ಟವೇ. ಗಣಿಯ ನಂದಿದುರ್ಗ ಬೇರೆಯೆಂದು ಅವನಿಗೆ ತಿಳಿಸಿ ಹೊರಟೆವು.

ಭಾವನವರು ನಂದಿದುರ್ಗ ಗಣಿಯಲ್ಲಿ ದುಡಿದವರು. 2001ರ ಫೆಬ್ರವರಿ 28ರಂದು ಚಿನ್ನದ ಗಣಿಗಳು ಮುಚ್ಚಿದಾಗ ಮನೆಗೆ ಬಂದವರು. ಊಟವಾದ ಮೇಲೆ ಕಾರಿನ ಮಾತು ಬಂದಿತು. ನಾವು ಹಿಂತಿರುಗಿಸುವ ಹೊತ್ತಿಗೆ ಅದನ್ನು ಕೊಟ್ಟ ಕಚೇರಿ ಮುಚ್ಚಿರುತ್ತದೆಂದು ಕೇಳಿ ಅವರಿಗೆ ಆಶ್ಚರ್ಯವಾಯಿತು.

‘ಶಾಸ್ತ್ರಿಗಳೇ, ನಮ್ಮಲ್ಲಿ ದೀಪದ ಕೋಣೆಗೆ ಬಾಗಿಲು ಹಾಕಿದ್ದನ್ನು ನಾನು ನೋಡಿಲ್ಲ’ ಎಂದರು. ‘ಬಿಲ್ಲೆ ಕೊಟ್ಟು ದೀಪ ತಗೊಳ್ಳೋದು, ಮೇಲೆ ಬಂದಮೇಲೆ ದೀಪ ಕೊಟ್ಟು ಬಿಲ್ಲೆ ತಗೊಳ್ಳೋದು. ನಡುರಾತ್ರಿ ಬಂದರೂ ಕೈ ಚಾಚೋಕೆ ಒಬ್ಬ ಇರ್ತಿದ್ದ. ಬಿಲ್ಲೆ ಅಲ್ಲೇ ನೇತಾಡ್ತಿದ್ದರೆ ಮನುಷ್ಯ ಇನ್ನೂ ಕೆಳಗಿದ್ದಾನೆ ಅಂತ ಅರ್ಥ.’

ಹಿಂತಿರುಗಿಸುವುದರಲ್ಲಿ ಒಂದು ಜೀವದ ಲೆಕ್ಕವೇ ಅಡಗಿತ್ತೆಂದು ಆಗ ತಿಳಿಯಿತು. ದೀಪ ಬಂದಿಲ್ಲವೆಂದರೆ ಹುಡುಕಲು ಹೋಗಬೇಕು. ಅದಕ್ಕಾಗಿಯೇ ಅಲ್ಲಿ ಒಬ್ಬನು ಎಚ್ಚರವಾಗಿರಬೇಕಿತ್ತು.

ಮಗನ ವಿಮಾನವು ನಸುಕಿನ ಮೂರು ಗಂಟೆಯ ಸುಮಾರಿಗೆ. ಬಂಗಾರಪೇಟೆಯಲ್ಲಿ ರೊಟ್ಟಿ ಉಂಡು, ಕೋಲಾರ, ನರಸಾಪುರ, ಹೊಸಕೋಟೆ, ಸೂಲಿಬೆಲೆ ಮಾರ್ಗವಾಗಿ ಬಂದು, ದಾರಿಯಲ್ಲಿ ಮೊದಲಿದ್ದಷ್ಟು ಪೆಟ್ರೋಲು ತುಂಬಿಸಿ ನಿಲ್ದಾಣ ಸೇರಿದಾಗ ಹನ್ನೊಂದೂಕಾಲು. ಕಚೇರಿ ಹತ್ತಕ್ಕೇ ಮುಚ್ಚಿತ್ತು. ನಿಗದಿಯಾದ ಜಾಗದಲ್ಲಿ ಕಾರು ನಿಲ್ಲಿಸಿ, ಬೀಗದಕೈಯನ್ನು ಗೋಡೆಯ ಪೆಟ್ಟಿಗೆಯ ಸೀಳಿನಲ್ಲಿ ಹಾಕಿ ಹೋಗಬೇಕೆಂದು ಮೊದಲೇ ಗೊತ್ತಾಗಿತ್ತು. ಹೊರದೇಶಗಳ ವಿಮಾನ ನಿಲ್ದಾಣಗಳಲ್ಲಿ ಇದು ತೀರ ಸಾಮಾನ್ಯವಂತೆ. ಆದರೆ ಕರಾರಿನ ಸಣ್ಣ ಅಕ್ಷರಗಳಲ್ಲಿ ಇನ್ನೊಂದು ಮಾತಿತ್ತು: ವೇಳೆ ಮೀರಿ ಬಿಟ್ಟ ಕಾರನ್ನು ಬೆಳಿಗ್ಗೆ ಸಿಬ್ಬಂದಿ ಪರೀಕ್ಷಿಸುವವರೆಗೆ ಆಗುವ ಹಾನಿಗೆ ಬಾಡಿಗೆದಾರನೇ ಹೊಣೆ. ಅನೇಕ ಕಂಪನಿಗಳ ಕರಾರಿನಲ್ಲಿ ಇಂಥ ಮಾತಿರುತ್ತದೆ. ಮಠದ ಜಗಲಿ ನನಗೆ ನೆನಪಾದುದು ಆಗ.

ಮಗನು ಕಾರಿನ ಸುತ್ತ ನಡೆದು ನಾಲ್ಕೂ ಬದಿಯ ಚಿತ್ರ ತೆಗೆದನು. ಓಡಿದ ಕಿಲೋಮೀಟರು, ಪೆಟ್ರೋಲಿನ ಮುಳ್ಳು, ನಿಂತ ಜಾಗದ ಸಂಖ್ಯೆ, ಕೊನೆಗೆ ಪೆಟ್ಟಿಗೆಯೊಳಕ್ಕೆ ಬೀಳುವ ಬೀಗದಕೈ, ಎಲ್ಲದರ ಚಿತ್ರವನ್ನೂ ತೆಗೆದು ನನ್ನ ಫೋನಿಗೆ ಕಳುಹಿಸಿದನು. ‘ಅಪ್ಪಾಜಿ, ಇನ್ನು ನೀವು ಬಸ್ಸು ಹತ್ತಿ’ ಎಂದನು. ವಾಯುವಜ್ರ ಬಸ್ಸುಗಳು ರಾತ್ರಿಯೂ ಇರುತ್ತವೆ. ಆದರೂ ನಾನು ಬೆಳಗಿನವರೆಗೆ ಅಲ್ಲಿಯೇ ಕುಳಿತಿರುವುದಾಗಿ ಹೇಳಿದೆ. ಅವನು ಒಳಹೋದ ಮೇಲೆ ಒಂದು ಬೆಂಚು ಹಿಡಿದೆ.

ಇಂಥ ಸಂದರ್ಭಕ್ಕೆ ನಮ್ಮ ಪೂರ್ವಿಕರು ಏನು ಹೇಳಿದ್ದಾರೆಂದು ರಾತ್ರಿಯೆಲ್ಲ ಮೆಲುಕು ಹಾಕಿದೆ. ಧರ್ಮಶಾಸ್ತ್ರಗಳು ಎಣಿಸುವ ಹದಿನೆಂಟು ವ್ಯವಹಾರಪದಗಳಲ್ಲಿ ನಿಕ್ಷೇಪವೂ ಒಂದು. ಪೆಟ್ಟಿಗೆಯೊಳಗಿಟ್ಟು, ಒಳಗೇನಿದೆ ಎಂದು ಹೇಳದೆ ಇನ್ನೊಬ್ಬರ ಕೈಗೆ ಕೊಟ್ಟದ್ದು ಉಪನಿಧಿ. ಅದನ್ನು ಕೊಟ್ಟಾಗ ಇದ್ದಂತೆಯೇ ಮರಳಿಸಬೇಕೆಂಬುದು ಯಾಜ್ಞವಲ್ಕ್ಯರ ವಿಧಿ. ರಾಜನಿಂದ, ದೈವದಿಂದ, ಕಳ್ಳರಿಂದ ಹೋದದ್ದಕ್ಕೆ ಇಟ್ಟುಕೊಂಡವನು ದಂಡ ತೆರಬೇಕಿಲ್ಲ. ಆದರೆ ಒಡೆಯನು ಕೇಳಿದ ಮೇಲೂ ಕೊಡದೆ ಇದ್ದು ನಷ್ಟವಾದರೆ ತೆರಲೇಬೇಕು. ಯಾಚಿತಕಕ್ಕೆ, ಅಂದರೆ ಎರವಲು ತಂದ ವಸ್ತುವಿಗೆ ಸಹ, ಇದೇ ನ್ಯಾಯ. ಈ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದದ್ದು ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ. 1872ರ ಭಾರತೀಯ ಕರಾರು ಕಾಯಿದೆಯೂ ಇದಕ್ಕೆ ದೂರವಿಲ್ಲ. ಸಾಮಾನ್ಯ ವಿವೇಕಿಯು ತನ್ನ ವಸ್ತುವನ್ನು ಹೇಗೆ ಕಾಯುವನೋ ಹಾಗೆ ಪರರ ವಸ್ತುವನ್ನು ಕಾಯಬೇಕೆಂದು 151ನೆಯ ಕಲಮು. ಅವಧಿ ಮುಗಿದೊಡನೆ ಕೇಳಿಸಿಕೊಳ್ಳದೆಯೇ ಒಡೆಯನು ಹೇಳಿದಂತೆ ಮರಳಿಸಬೇಕೆಂದು 160ನೆಯ ಕಲಮು. ನಾವು ಇವೆರಡನ್ನೂ ಪಾಲಿಸಿದ್ದೆವು. ಆದರೆ ಒಪ್ಪಿಕೊಳ್ಳುವವನು ಮಲಗಿರುವ ಏಳೆಂಟು ಗಂಟೆಗಳು ಯಾರ ಪಾಲಿಗೆ? ಹಳೆಯ ಸ್ಮೃತಿಯು ಈ ಕಾಲವನ್ನು ಪಡೆಯುವವನ ಪಾಲಿಗೆ ಹಾಕುತ್ತಿತ್ತೆಂದೇ ನನಗೆ ತೋರುತ್ತದೆ. ಏಕೆಂದರೆ ತಡ ಮಾಡಿದವನು ಅವನು. ಕರಾರಿನ ಸಣ್ಣ ಅಕ್ಷರಗಳು ಅದನ್ನು ಕೊಡುವವನ ತಲೆಗೆ ಕಟ್ಟಿದ್ದವು.

ಬೆಳಿಗ್ಗೆ ಆರೂವರೆಗೆ ಅದೇ ತರುಣನು ಬಂದನು. ನನ್ನನ್ನು ಕಂಡು ‘ನೀವು ಇನ್ನೂ ಇಲ್ಲೇ ಇದ್ದೀರಾ!’ ಎಂದನು. ಕಾರಿನ ಬಳಿಗೆ ಹೋದೆವು. ಹಿಂಬದಿಯ ಎಡ ಮೂಲೆಯಲ್ಲಿ ಅಂಗೈ ಅಗಲದಷ್ಟು ಬಣ್ಣ ಉಜ್ಜಿಹೋಗಿತ್ತು. ತರುಣನ ಮುಖ ಚಿಕ್ಕದಾಯಿತು. ‘ಠೇವಣಿಯಲ್ಲಿ ಹಿಡಿಯಬೇಕಾಗುತ್ತೆ ಸರ್’ ಎಂದು ಮೆಲ್ಲನೆ ನುಡಿದನು. ನಾನು ಫೋನು ತೆರೆದು ಆ ಮೂಲೆಯ ಚಿತ್ರವನ್ನು ತೋರಿಸಿದೆ. ಹನ್ನೊಂದು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಅಲ್ಲಿ ಉಜ್ಜಿದ ಗುರುತಿಲ್ಲ. ಅವನು ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದನು. ಅನಂತರ ಪಕ್ಕದಲ್ಲಿ ನಿಂತಿದ್ದ ಇನ್ನೊಂದು ಕಾರಿನ ಕಡೆಗೆ ಹೋದನು. ನಾವು ಬಂದಾಗ ಆ ಜಾಗ ಖಾಲಿಯಿತ್ತು. ಅದರ ಮುಂಬದಿಯಲ್ಲಿ ನಮ್ಮ ಕಾರಿನ ಬಿಳಿ ಬಣ್ಣ ಅಂಟಿತ್ತು. ಅದೂ ಅವರ ಕಂಪನಿಯದೇ; ಯಾರೋ ನಡುರಾತ್ರಿ ಬಿಟ್ಟು, ಬೀಗದಕೈಯನ್ನು ಪೆಟ್ಟಿಗೆಗೆ ಹಾಕಿ ಹೋಗಿದ್ದರು. ಒಂದು ಚೀಟಿಯೂ ಇರಲಿಲ್ಲ.

ತರುಣನು ನಮ್ಮ ಹಾಳೆಯ ಮೇಲೆ ‘ಹಾನಿಯಿಲ್ಲ’ ಎಂದು ಬರೆದು ರುಜು ಮಾಡಿದನು. ‘ನೀವು ಇಲ್ಲದಿದ್ದರೆ ನಾನು ಮೊದಲು ನಿಮ್ಮ ಮಗನ ಹೆಸರಿಗೇ ಬರೆಯುತ್ತಿದ್ದೆ ಸರ್’ ಎಂದು ತಾನಾಗಿಯೇ ಹೇಳಿದನು. ಅವನ ಪ್ರಾಮಾಣಿಕತೆ ನನಗೆ ಹಿಡಿಸಿತು. ಠೇವಣಿಯ ಹಣ ದೊಡ್ಡದಲ್ಲ. ಆದರೆ ಸಾವಿರಾರು ಮೈಲಿ ದೂರದಲ್ಲಿ ವಿಮಾನದಿಂದಿಳಿದ ಮಗನು ಮಾಡದ ತಪ್ಪಿನ ಪತ್ರವನ್ನು ಓದಬೇಕಾಗುತ್ತಿತ್ತು. ತಾನು ಮಾಡಿಲ್ಲವೆಂದು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಆ ಇನ್ನೊಬ್ಬ ಗೃಹಸ್ಥನಿಗೆ ತಾಗಿದ್ದು ತಿಳಿದೇ ಇರಲಿಲ್ಲವೋ, ತಿಳಿದೂ ನಡೆದನೋ, ಅದನ್ನು ಅವನ ಅಂತರಂಗವೇ ಬಲ್ಲದು.

ಈಚೆಗೆ ಎಲ್ಲ ವ್ಯವಹಾರಗಳೂ ಹೀಗೆ ಮನುಷ್ಯರಿಲ್ಲದೆ ನಡೆಯತೊಡಗಿವೆ. ಆದ್ದರಿಂದ ಮನೆಮಂದಿಗೆ ಕೆಲವು ಮಾತು ಹೇಳಬೇಕೆನಿಸುತ್ತದೆ. ಕಾರನ್ನು ಪಡೆಯುವಾಗಲೇ ಇರುವ ಗೀರುಗಳನ್ನು ಹಾಳೆಯಲ್ಲಿ ಬರೆಯಿಸಿ, ಚಿತ್ರವನ್ನೂ ತೆಗೆದುಕೊಳ್ಳಿ. ಮರಳಿಸುವ ವೇಳೆಗೆ ಕಚೇರಿ ತೆರೆದಿರುವುದೇ ಎಂದು ಮೊದಲೇ ಕೇಳಿ. ಮುಚ್ಚಿರುವುದಾದರೆ ಬೆಳಗಿನವರೆಗಿನ ಹೊಣೆ ಯಾರದೆಂದು ಬರಹದಲ್ಲಿ ಓದಿ. ಬಿಡುವಾಗ ಬೆಳಕಿರುವ ಕಡೆ ನಿಲ್ಲಿಸಿ, ವೇಳೆ ಕಾಣುವಂತೆ ಚಿತ್ರ ತೆಗೆದು ಅದೇ ಕ್ಷಣ ಕಂಪನಿಗೂ ಮನೆಯವರೊಬ್ಬರಿಗೂ ಕಳುಹಿಸಿ. ಫಾಸ್ಟ್ಯಾಗ್ ಸುಂಕದ ಲೆಕ್ಕ ತಡವಾಗಿ ಬರಬಹುದು. ಅದು ತೀರುವವರೆಗೆ ಕಾಗದಗಳನ್ನು ಬಿಸುಡಬೇಡಿ. ನಿಮ್ಮಿಂದಲೇ ಏನಾದರೂ ತಾಗಿದ್ದರೆ ಒಂದು ಚೀಟಿ ಬರೆದು ಬೀಗದಕೈಯೊಡನೆ ಪೆಟ್ಟಿಗೆಗೆ ಹಾಕಿ. ಆ ಚೀಟಿಯಿಲ್ಲದಿದ್ದರೆ ದಂಡ ಬೀಳುವುದು ಪಕ್ಕದವನಿಗೆ.

ಬಸ್ಸಿನಲ್ಲಿ ಬರುವಾಗ ನಂದಿದುರ್ಗದಲ್ಲಿ ಹಿಂದಿನ ದಿನ ಕಂಡ ಸೈನೈಡ್ ದಿಬ್ಬಗಳು ಕಣ್ಣಿಗೆ ಬಂದವು. ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ಅದು. 1873ರ ಸುಮಾರಿಗೆ ಲವೆಲ್ ಎಂಬಾತನು ಮೈಸೂರು ಸರ್ಕಾರದಿಂದ ಪರವಾನಗಿ ಪಡೆದನು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಿತು. 1956ರಲ್ಲಿ ರಾಜ್ಯವೂ 1962ರಲ್ಲಿ ಕೇಂದ್ರವೂ ಗಣಿಗಳನ್ನು ವಹಿಸಿಕೊಂಡವು. ಒಟ್ಟು ಸುಮಾರು 800 ಟನ್ ಚಿನ್ನ ಹೊರಬಂದಿತೆನ್ನುತ್ತಾರೆ. ಆ ನೆಲವೂ ಗುತ್ತಿಗೆಗೆ ಪಡೆದದ್ದೇ. ಮುಚ್ಚಿದ ದಿನ ಅದನ್ನು ಯಾರು ಯಾರಿಗೆ ಒಪ್ಪಿಸಿದರು? ಗಾಳಿಯೆದ್ದಾಗ ಆ ದಿಬ್ಬಗಳ ಧೂಳು ಇಂದಿಗೂ ಅಕ್ಕನ ಅಡಿಗೆಮನೆಗೆ ಬರುತ್ತದೆ. 2024ರಲ್ಲಿ ಆ ದಿಬ್ಬಗಳಿಂದಲೇ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟವು ಒಪ್ಪಿಗೆ ಕೊಟ್ಟಿತು. ಈ ಸಲವಾದರೂ ಕೆಲಸ ಮುಗಿದ ದಿನ ನೆಲವನ್ನು ಸುತ್ತಿ ನೋಡಿ ಒಪ್ಪಿಸಿಕೊಳ್ಳುವವರು ಅಲ್ಲಿರಬೇಕು. ಹಾಗೆ ಕೇಳುವ ಹಕ್ಕು ಭಾವನವರಂಥವರಿಗೆ ಮೊದಲು ಸಲ್ಲಬೇಕು. ಅವರು ಮೂರು ದಶಕ ಪ್ರತಿ ಪಾಳಿಯಲ್ಲಿಯೂ ದೀಪವನ್ನು ಮರಳಿಸಿ ಮನೆಗೆ ಬಂದವರು.