ಪರ್ಸು ಹೋದ ದಿನದ ಮೀನ್ ಸಾರು

ಈ ವಾರ ಗುಳಿ ರಾಗಿ ನಾಟಿ ಬಗ್ಗೆ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ಈ ಸಲ ನನ್ನ ಪರ್ಸು ಹೋಗಿದ್ದರ ಬಗ್ಗೆ, ಹೋದ ಮೇಲೆ ಏನೇನು ಮಾಡಿದ್ವಿ ಅನ್ನೋದರ ಬಗ್ಗೆ, ಹಂಗೇ ಅವತ್ತು ರಾತ್ರಿ ಮಾಡಿದ ಮೀನ್ ಸಾರಿನ ಬಗ್ಗೆ ಬರೀತೀನಿ. ಎಲ್ಲಾ ಒಂದೇ ದಿನ ನಡೆದಿದ್ದು, ಅದಕ್ಕೆ ಒಟ್ಟಿಗೆ. ಸಂತೆ, ಜಾತ್ರೆ, ಮದುವೆ ಅಂತ ಬಸ್ಸು ಹತ್ತೋರು ಒಂದ್ಸಲ ಓದಿ.

ಪರ್ಸಲ್ಲಿ ನಂದು ಅಂತ ಇದ್ದಿದ್ದು 1,850 ರೂಪಾಯಿ. ಅದು ಹೋದ್ರೆ ಹೋಗ್ಲಿ. ಇನ್ನೊಂದು 11,200 ಇತ್ತಲ್ಲ, ಅದು ನಮ್ದಲ್ಲ. ನಮ್ಮನೆಯವಳು ಇರೋ ಸ್ತ್ರೀಶಕ್ತಿ ಸಂಘದ ಹತ್ತು ಹೆಂಗಸರು ಕೂಡಿಸಿದ ಸಾಲದ ಕಂತು. ತಿಂಗಳು ತಿಂಗಳು ಅವಳೇ ಹೋಗಿ ಕಟ್ಟಿ ಬರ್ತಾಳೆ. ಅವತ್ತು ಗದ್ದೇಲಿ ಕಳೆ ಕೀಳೋಕೆ ಆಳು ಬಂದಿದ್ರು, ನಾನು ಹೊರಟೆ. ಮದ್ದೂರಿಗೆ ಬಸ್ಸು, ನಿಂತ್ಕೊಳ್ಳೋಕೂ ಜಾಗ ಇಲ್ಲ. ದುಡ್ಡು ಇದ್ದಿದ್ದು ಪಂಚೆ ಒಳಗಿನ ಪಟಾಪಟಿ ಚಡ್ಡಿ ಜೇಬಲ್ಲಿ. ನಮ್ಮಪ್ಪನ ಕಾಲದಿಂದ ಇದಕ್ಕಿಂತ ಭದ್ರವಾದ ಜಾಗ ಇಲ್ಲ. ಇಳಿದು ನೋಡಿದ್ರೆ ಪಂಚೆ ಮೇಲೆ ಮೂರು ಬೆರಳಗಲ ಗೀರು, ಚಡ್ಡಿ ಜೇಬೂ ಅಷ್ಟೇ ಅಗಲ ಕೊಯ್ದಿದೆ. ತೊಡೆಗೆ ಒಂದು ಹನಿ ರಕ್ತ ಬಂದಿಲ್ಲ. ಕೈಚಳಕ ಅಂದ್ರೆ ಅದು. ಸಂಜೆವರೆಗೂ ಸಿಕ್ಕಿದೋರೆಲ್ಲ "ಹುಷಾರಾಗಿರ್ಬೇಕಿತ್ತು" ಅಂದ್ರು. ಇನ್ನೂ ಎಲ್ಲಿಡ್ಬೇಕಿತ್ತು ಅಂತ ಒಬ್ರೂ ಹೇಳಲಿಲ್ಲ.

ಫೋನು ಅಂಗಿ ಜೇಬಲ್ಲಿತ್ತು, ಅದು ಉಳೀತು. ಮೊದಲನೇ ಕೆಲಸ ಎಟಿಎಂ ಕಾರ್ಡ್ ಬ್ಲಾಕ್ ಮಾಡ್ಸೋದು. "ಪಿನ್ ಗೊತ್ತಿಲ್ದೆ ಏನ್ ಮಾಡ್ತಾನೆ ಬಿಡು" ಅಂತ ಪಕ್ಕದೋರು ಸಮಾಧಾನ ಹೇಳಿದ್ರು. ಅದು ಹಳೇ ಮಾತು. ಈಗಿನ ಕಾರ್ಡಲ್ಲಿ ವೈಫೈ ತರದ ನಾಲ್ಕು ಗೆರೆ ಇದ್ರೆ, ಮಿಷನ್ನಿಗೆ ತಾಗಿಸಿದ್ರೆ ಸಾಕು, ಒಂದ್ಸಲಕ್ಕೆ 5,000 ರೂಪಾಯಿವರೆಗೂ ಪಿನ್ ಕೇಳದೇನೇ ಹೋಗಬಹುದು. 2021ರ ಜನವರಿಯಿಂದ ಈ ಮಿತಿ, ಅದಕ್ಕೆ ಮುಂಚೆ 2,000 ಇತ್ತು. ಇನ್ನೊಂದು, ನಾವು ಬ್ಯಾಂಕಿಗೆ ತಿಳಿಸಿದ ಮೇಲೆ ಆಗೋ ನಷ್ಟ ಬ್ಯಾಂಕಿಂದು, ಅದಕ್ಕೆ ಮುಂಚೆ ಆಗಿದ್ದು ನಮ್ಮ ತಲೆ ಮೇಲೆ ಬರಬಹುದು. 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಲ್ಲಿ ಇದು ಇದೆ. ಹಂಗಾಗಿ ಟೀ ಕುಡ್ಕೊಂಡು ಯೋಚ್ನೆ ಮಾಡೋ ವಿಷಯ ಅಲ್ಲ.

ಆದ್ರೆ ತಮಾಷೆ ನೋಡಿ, ಫೋನ್ ಮಾಡೋ ನಂಬರ್ ಇರೋದು ಕಾರ್ಡಿನ ಹಿಂದೆ. ಕಾರ್ಡೇ ಇಲ್ವಲ್ಲ! ಗೂಗಲ್ಲಲ್ಲಿ ಹುಡುಕೋಕೆ ಹೋಗ್ಬೇಡಿ, ಅಲ್ಲಿ ಬ್ಯಾಂಕಿನ ಹೆಸರಲ್ಲಿ ಕಳ್ಳರೇ ನಂಬರ್ ಹಾಕಿರ್ತಾರೆ. ನಮ್ಮ ಪಾಸ್‌ಬುಕ್ಕಿನ ಮೊದಲನೇ ಹಾಳೇಲಿ ನಂಬರ್ ಇತ್ತು. ಅದು ಮನೇಲಿತ್ತು. ಅವಳಿಗೆ ಫೋನ್ ಮಾಡ್ದೆ. ಕಾರಣ ಹೇಳದೆ ನಂಬರ್ ಕೇಳೋಕಾಗುತ್ತಾ? ಹೇಳ್ದೆ. ಒಂದು ನಿಮಿಷ ಸದ್ದಿಲ್ಲ. ಆಮೇಲೆ "ಸಂಘದ್ದೂವಾ?" ಅಂದ್ಳು. "ಹೂಂ" ಅಂದೆ. "ಬರ್ಕೊಳ್ಳಿ" ಅಂತ ನಂಬರ್ ಹೇಳಿ ಇಟ್ಟುಬಿಟ್ಳು. ಬೈದಿದ್ರೆ ಚೆನ್ನಾಗಿರ್ತಿತ್ತು.

ಅರ್ಧ ಗಂಟೇಲಿ ಕಾರ್ಡ್ ಬ್ಲಾಕ್ ಆಯ್ತು, ಖಾತೇಲಿ ಒಂದು ರೂಪಾಯಿ ಅಲ್ಲಾಡಿರಲಿಲ್ಲ. ಆಧಾರ್ ಕಾರ್ಡ್ ಹೋಯ್ತು ಅಂತ ಜಾಸ್ತಿ ಗಾಬರಿ ಬೇಡ. ಆಧಾರಿಂದ ದುಡ್ಡು ತೆಗೀಬೇಕಾದ್ರೆ ಬೆರಳು ಒತ್ಬೇಕು. ಆದ್ರೂ ನನ್ನ ಅಳಿಯ ಫೋನಲ್ಲಿ ಎಂಆಧಾರ್ ಹಾಕಿ ಬಯೋಮೆಟ್ರಿಕ್ ಲಾಕ್ ಮಾಡ್ಕೊಟ್ಟ. ಕೇಳೋದಿದ್ರೆ 1947ಕ್ಕೆ ಫೋನ್ ಮಾಡಿ. ಅಕಸ್ಮಾತ್ ಖಾತೆಯಿಂದ ದುಡ್ಡು ಹೋಗಿದ್ರೆ ತಕ್ಷಣ 1930. ಡ್ರೈವಿಂಗ್ ಲೈಸೆನ್ಸು ಮೊದಲೇ ಡಿಜಿಲಾಕರಲ್ಲಿತ್ತು, ಅದನ್ನೇ ತೋರಿಸಿದ್ರೆ ನಡೆಯುತ್ತೆ. ಹೊಸ ಕಾರ್ಡಿಗೆ ನಿಧಾನವಾಗಿ ಅರ್ಜಿ ಹಾಕಿದ್ರಾಯ್ತು.

ಸ್ಟೇಷನ್ನು ಯಾವುದು ಅಂತ ಬರೆಯಲ್ಲ. ಅಲ್ಲಿದ್ದೋರು ಮೊದಲು "ಎಲ್ಲಿ ಕದ್ರು ಗೊತ್ತಾ? ನಮ್ಮ ಲಿಮಿಟ್ಟೋ ಅಲ್ವೋ" ಅಂದ್ರು. ಓಡೋ ಬಸ್ಸಲ್ಲಿ ಯಾವ ಗಡಿ ಅಂತ ನಾನೆಲ್ಲಿ ಹೇಳ್ಲಿ? ಆಮೇಲೆ "ಪರ್ಸು ಕಳೆದುಹೋಗಿದೆ ಅಂತ ಬರ್ಕೊಡಿ, ಬೇಗ ಆಗುತ್ತೆ" ಅಂದ್ರು. ಕಳೆದಿಲ್ಲ ಸ್ವಾಮಿ, ಕೊಯ್ದಿದ್ದಾರೆ ಅಂದೆ. ಐವತ್ನಾಲ್ಕು ವರ್ಷದ ಗಂಡಸು ಪಂಚೆ ಸರಿಸಿ ಚಡ್ಡಿ ಜೇಬು ತೋರಿಸ್ಬೇಕಾಯ್ತು, ಏನ್ಮಾಡೋದು. 2024ರ ಜುಲೈ 1ರಿಂದ ಬಂದಿರೋ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ನಲ್ಲಿ, ಎಲ್ಲೇ ನಡೆದಿರಲಿ ಯಾವ ಸ್ಟೇಷನ್ನಲ್ಲಾದ್ರೂ ದೂರು ಕೊಡಬಹುದು, ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು ಅಂತಿದೆ. ಅಳಿಯ ಫೋನಲ್ಲಿ ಹೇಳಿಕೊಟ್ಟಿದ್ದ, ನಾನು ಮೆತ್ತಗೆ ಹೇಳ್ದೆ. ಒಬ್ಬ ರೈಟರು ಮುಖ ನೋಡಿ ನಕ್ಕು, "ಕೂತ್ಕೊಳ್ಳಿ ಯಜಮಾನ್ರೆ" ಅಂದ್ರು. ಕಳುವು ಅಂತಲೇ ಬರ್ಕೊಂಡ್ರು. ದುಡ್ಡು ಸಿಗುತ್ತೆ ಅಂತಲ್ಲ. ನಾಳೆ ನನ್ನ ಕಾರ್ಡಿಟ್ಟು ಯಾರೋ ಸಿಮ್ಮು ತಗೊಂಡ್ರೆ, ಕೈಯಲ್ಲಿ ಒಂದು ಕಾಗದ ಇರ್ಬೇಕು.

ನಾಲ್ಕೂವರೆಗೆ ಅವಳ ಫೋನು. "ಏರಿ ಮೇಲೆ ಮೀನು ಹಾಕಿದ್ರೆ ಒಂದ್ ಕೆಜಿ ತನ್ನಿ." ನಂಗೆ ಅರ್ಥ ಆಗ್ಲಿಲ್ಲ. ಇಂಥ ದಿನ ಮೀನಾ ಅಂದೆ. "ತನ್ನಿ ಅಂದ್ನಲ್ಲ" ಅಂದ್ಳು. ಕೆರೆ ಗುತ್ತಿಗೆ ಹಿಡಿದಿರೋ ಹುಡುಗ್ರತ್ರ ಕಾಟ್ಲಾ, ರೋಹು ಖಾಲಿಯಾಗಿ ಜಿಲೇಬಿ ಉಳ್ದಿತ್ತು. ಫೋನಲ್ಲೇ ದುಡ್ಡು ಹಾಕ್ದೆ.

ಜಿಲೇಬಿ ಮೀನು ಕೆಸರು ವಾಸನೆ ಅಂತ ಮೂಗು ಮುರಿಯೋರು ಅದನ್ನ ಸರಿಯಾಗಿ ತೊಳೆದಿರಲ್ಲ. ಹೊಟ್ಟೆ ಒಳಗೆ ಕರೀ ಪೊರೆ ಅಂಟ್ಕೊಂಡಿರುತ್ತೆ, ಅದನ್ನ ಉಗುರಲ್ಲಿ ಕೆರೆದು ತೆಗೀಬೇಕು. ಕಿವಿರು ಪೂರ್ತಿ ಕೀಳ್ಬೇಕು. ಆಮೇಲೆ ಕಲ್ಲುಪ್ಪು ಹಾಕಿ ಬಂಡೆ ಮೇಲೆ ಉಜ್ಜಿ ಮೂರು ನೀರಲ್ಲಿ ತೊಳೆದು, ಅರಿಶಿನ, ಉಪ್ಪು ಸವರಿ ಇಡ್ಬೇಕು. ಇದು ಯಾವಾಗ್ಲೂ ನನ್ನ ಕೆಲಸ. ಅವತ್ತು ಅದೇ ಒಳ್ಳೇದಾಯ್ತು, ಯಾರ ಮುಖಾನೂ ನೋಡದೆ ತಲೆ ಬಗ್ಗಿಸ್ಕೊಂಡು ಕೂತಿದ್ದೆ.

ಸಾರು ಅವಳದು. ಒಂದು ಕೆಜಿಗೆ ಎರಡು ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ, ಎರಡು ಟೊಮೇಟೊ ಎಣ್ಣೇಲಿ ಬಾಡಿಸಿ, ಮೂರು ಚಮಚ ಧನಿಯಾ ಪುಡಿ, ಎರಡು ಚಮಚ ಖಾರದ ಪುಡಿ, ಹುರಿದ ಮೆಂತ್ಯ ಹತ್ತಿಪ್ಪತ್ತು ಕಾಳು, ಒಂದು ಹಿಡಿ ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬೋದು. ಮೆಂತ್ಯ ಜಾಸ್ತಿ ಆದ್ರೆ ಕಹಿ. ಕಡ್ಲೆಕಾಯಿ ಎಣ್ಣೇಲಿ ಸಾಸಿವೆ, ಕರಿಬೇವು ಒಗ್ಗರಣೆ ಕೊಟ್ಟು, ಮಸಾಲೆ ಹಾಕಿ ಎಣ್ಣೆ ಬಿಡೋವರೆಗೂ ಹುರಿದು, ದೊಡ್ಡ ನಿಂಬೆಹಣ್ಣಿನಷ್ಟು ಹುಣಸೆಹಣ್ಣಿನ ರಸ, ನೀರು, ಉಪ್ಪು. ಮೀನು ಹಾಕೋಕ್ ಮುಂಚೆ ಸಾರು ಹತ್ತು ನಿಮಿಷ ಮರಳಲೇಬೇಕು, ಹಸಿ ವಾಸನೆ ಹೋಗ್ಬೇಕು. ಮೀನು ಬಿದ್ದ ಮೇಲೆ ಸೌಟು ಹಾಕಂಗಿಲ್ಲ, ಪಾತ್ರೆ ಕಿವಿ ಹಿಡಿದು ಅಲ್ಲಾಡಿಸೋದಷ್ಟೆ. ಎಂಟು ಹತ್ತು ನಿಮಿಷ, ಇಳಿಸಿ ಅರ್ಧ ಗಂಟೆ ಮುಚ್ಚಿಡಿ.

ಆ ಅರ್ಧ ಗಂಟೇಲಿ ಸಂಘದ ಅಧ್ಯಕ್ಷೆ ಅಕ್ಕ, ಲೆಕ್ಕ ಬರಿಯೋ ಹುಡುಗಿ ಇಬ್ಬರೂ ಬಂದ್ರು. ಮೀನು ಯಾಕೆ ತರಿಸಿದ್ಳು ಅಂತ ಆಗ ಗೊತ್ತಾಯ್ತು. ಮಧ್ಯಾಹ್ನವೇ ಇವಳು ಅವರ ಮನೆಗೆ ಹೋಗಿ ವಿಷಯ ಹೇಳಿ, ರಾತ್ರಿ ಊಟಕ್ಕೆ ಬನ್ನಿ, ಕೂತು ಮಾತಾಡಣ ಅಂದಿದ್ಳಂತೆ. ಬೇರೆಯವರ ಬಾಯಿಂದ ಊರಿಗೆ ಗೊತ್ತಾಗೋದ್ರೊಳಗೆ ತಾನೇ ಹೇಳ್ಬೇಕಿತ್ತು ಅವಳಿಗೆ. ಸಂಘದಲ್ಲಿ ಒಂದ್ಸಲ ಅನುಮಾನ ಬಂದ್ರೆ ಹೋಗಲ್ಲ.

ಮುದ್ದೆ ಮುರಿಯೋವರೆಗೂ ಯಾರೂ ಆ ಮಾತೆತ್ತಲಿಲ್ಲ. ನಾನು ಎಫ್‌ಐಆರ್ ಪ್ರತಿ ಮುಂದಿಟ್ಟೆ. ಅಧ್ಯಕ್ಷೆ ಅಕ್ಕ ಅದನ್ನ ನೋಡ್ಲೇ ಇಲ್ಲ. "ಅದನ್ನ ಯಾಕಣ್ಣ ತೋರಿಸ್ತೀಯ, ಎಂಟು ವರ್ಷದಿಂದ ಇವಳೇ ಕಟ್ಟಿ ಬರ್ತಿರೋದು" ಅಂದ್ರು. ಲೆಕ್ಕದ ಹುಡುಗಿ ಮಾತ್ರ ಬಿಗಿ. "ಅಕ್ಕ, ನಂಬಿಕೆ ಬೇರೆ, ಪುಸ್ತಕ ಬೇರೆ. ದುಡ್ಡು ಇವರದೇ ಜವಾಬ್ದಾರಿ" ಅಂದ್ಳು. ನಂಗೆ ಆ ಹುಡುಗಿ ಮಾತೇ ಸರಿ ಅನ್ನಿಸ್ತು. ಕಂತು ತಪ್ಪಿದ್ರೆ ಹತ್ತೂ ಜನಕ್ಕೆ ಮುಂದಿನ ಸಾಲಕ್ಕೆ ತೊಂದರೆ. ಹಂಗಾಗಿ ಸಂಘದ ಉಳಿತಾಯದಿಂದ 11,200 ನಮ್ಮನೆಯವಳ ಹೆಸರಿಗೆ ಸಾಲ ಬರೆದು, ಮಾರನೇ ದಿನವೇ ಕಂತು ಕಟ್ಟೋದು, ಎಲ್ಲರ ಹಂಗೆ ನಾವೂ ಬಡ್ಡಿ ಕೊಡೋದು ಅಂತ ತೀರ್ಮಾನ. ಬೆಳಿಗ್ಗೆ ಉಳಿದೋರನ್ನೂ ಸೇರಿಸಿ ಹೆಬ್ಬೆಟ್ಟು, ಸಹಿ ಆಯ್ತು. ಕಟ್ಟೋಕೆ ಇವಳ ಜೊತೆ ಆ ಹುಡುಗಿ ಹೋಯ್ತು, ನನ್ನ ಕಳಿಸ್ಲಿಲ್ಲ.

ಕಾರ್ತೀಕಕ್ಕೆ ಅಂತ ಇಟ್ಕೊಂಡಿದ್ದ ಟಗರನ್ನ ಈ ಸೋಮವಾರ ಕೊಟ್ಟೆ. ತಗೊಂಡೋನು 9,000 ನೇರ ಖಾತೆಗೆ ಹಾಕ್ದ, ಅದು ಸಂಘಕ್ಕೆ ಹೋಯ್ತು. ಇನ್ನು 2,200 ಮತ್ತೆ ಬಡ್ಡಿ, ಮುಂದಿನ ಹಾಲಿನ ಬಟವಾಡೇಲಿ. ಪರ್ಸು ಇನ್ನೂ ಸಿಕ್ಕಿಲ್ಲ. ಗುಳಿ ರಾಗಿ ಸಾಲಿನ ಅಂತರ ಎಷ್ಟು ಅಂತ ಕೇಳಿದ್ದೋರಿಗೆ ಮುಂದಿನ ವಾರ ಫೋಟೋ ಸಮೇತ ಹಾಕ್ತೀನಿ.