ದಂಡ ಕಟ್ಟಿ ಬಂದ ಕಾದಂಬರಿ

ಮನೆಗೆ ಬಂದ ಮೊದಲ ಸ್ವಂತ ಕಾದಂಬರಿ ಯಾವುದೆಂದು ಕೇಳಿದರೆ ಶಿವಮೊಗ್ಗದ ಆ ನಿವೃತ್ತ ಬ್ಯಾಂಕ್ ನೌಕರರಿಗೆ ಈಗಲೂ ನಗು ಬರುತ್ತದೆ. ಅದು ಕೊಂಡು ತಂದದ್ದಲ್ಲ, ಬಹುಮಾನವಾಗಿ ಬಂದದ್ದೂ ಅಲ್ಲ. ದಂಡ ಕಟ್ಟಿದ್ದರಿಂದ ಬಂದದ್ದು.

1968ರ ಮಾತು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಇನ್ನು ಮೂರು ವಾರ. ಬೀಜಗಣಿತದ ಪುಸ್ತಕದೊಳಗೆ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನಿಟ್ಟುಕೊಂಡು ಹುಡುಗ ಓದುತ್ತಿದ್ದ. ಮುಚ್ಚುವ ಪುಸ್ತಕಕ್ಕಿಂತ ಮುಚ್ಚಿಟ್ಟ ಪುಸ್ತಕವೇ ದಪ್ಪ, ಸಿಕ್ಕಿಬೀಳದೆ ಇದ್ದೀತೆ? ತಂದೆ ಹೊಡೆಯಲಿಲ್ಲ, ಬೈಯಲೂ ಇಲ್ಲ. ಪುಸ್ತಕವನ್ನು ಕಿತ್ತುಕೊಂಡು ಕಬ್ಬಿಣದ ಟ್ರಂಕಿಗೆ ಹಾಕಿ, ಬೀಗ ಜಡಿದು, ಕೀಲಿಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡರು. ಅದು ಬಾಡಿಗೆ ಪುಸ್ತಕದ ಅಂಗಡಿಯದು, ದಿನಕ್ಕೆ ಹತ್ತು ಪೈಸೆ ಏರುತ್ತಿದೆ ಎಂದು ಹೇಳುವ ಧೈರ್ಯ ಹುಡುಗನಿಗೆ ಬರಲಿಲ್ಲ.

ಪರೀಕ್ಷೆ ಮುಗಿದು ರಜೆ ಕಳೆಯುತ್ತಿದ್ದಾಗ ಅಂಗಡಿಯಾತ ಮನೆ ಬಾಗಿಲಿಗೇ ಬಂದ. ಪುಸ್ತಕ ಕೊಡಿ, ಇಲ್ಲವೇ ಬೆಲೆ ಕೊಡಿ ಎಂದ. ಕಾಸಿಗೆ ಕಾಸು ಎಣಿಸುವ ತಂದೆ ಅಂದು ಒಳಗೆ ಹೋಗಿ ಬೆಲೆಯನ್ನೇ ತಂದುಕೊಟ್ಟರು. ಅದೇಕೆಂದು ಆಗ ಯಾರಿಗೂ ತಿಳಿಯಲಿಲ್ಲ. ಎಷ್ಟೋ ವರ್ಷದ ಮೇಲೆ ತಾಯಿ ಗುಟ್ಟು ಬಿಟ್ಟುಕೊಟ್ಟರು. ಎಲ್ಲರೂ ಮಲಗಿದ ಮೇಲೆ ಟ್ರಂಕಿನ ಬೀಗ ತೆಗೆದ ಸದ್ದಾಗುತ್ತಿತ್ತಂತೆ. ಅಂಗಡಿಯಾತ ಬಂದ ದಿನ ತಂದೆ ಇನ್ನೂ ಕಥೆಯ ನಡುವೆ ಇದ್ದರು.

ಆ ಕಾದಂಬರಿಯನ್ನು ಓದಿದವರಿಗೆ ಗೊತ್ತು. ಕೋಡಿ ಕನ್ಯಾಣದ ಕಡಲ ದಂಡೆಯ ರಾಮ ಐತಾಳರು ಮಗ ದೊಡ್ಡ ಮನುಷ್ಯನಾಗಲೆಂದು ಇಂಗ್ಲಿಷ್ ಓದಿಸಲು ಕುಂದಾಪುರಕ್ಕೆ ಕಳಿಸುತ್ತಾರೆ. ಮಗ ಲಚ್ಚ ಕೆಟ್ಟ ದಾರಿ ಹಿಡಿದು ಮನೆತನವನ್ನೇ ಮುಳುಗಿಸುತ್ತಾನೆ. ಕೊನೆಗೆ ಮೊಮ್ಮಗ ಮರಳಿ ಮಣ್ಣಿಗೆ ಬರಬೇಕಾಗುತ್ತದೆ. ಈ ಮನೆಯಲ್ಲೂ ಮಗನನ್ನು ಮೈಸೂರಿಗೆ ಕಳಿಸಿ ಓದಿಸುವ ಮಾತು ಎರಡು ವರ್ಷದಿಂದ ನಡೆದಿತ್ತು. ಆ ಬೇಸಿಗೆಯಲ್ಲಿ ಅದು ಇದ್ದಕ್ಕಿದ್ದಂತೆ ನಿಂತುಹೋಯಿತು. ದುಡ್ಡಿನ ಅಡಚಣೆ ಎಂದರು ತಂದೆ. ಅಡಚಣೆ ಇದ್ದದ್ದೂ ನಿಜ. ಆದರೆ ಅದು ಲಚ್ಚನದೇ ಕೆಲಸ ಎಂಬ ಗುಮಾನಿ ಮಗನಿಗೆ ಇಂದಿಗೂ ಹೋಗಿಲ್ಲ. ಊರಿನ ಕಾಲೇಜಿನಲ್ಲೇ ಬಿ.ಕಾಂ. ಮಾಡಿ ಬ್ಯಾಂಕು ಸೇರಿದರು. ಬೇಸರವೇ ಎಂದರೆ ಉತ್ತರ ಹೇಳುವುದಿಲ್ಲ.

ತಾಯಿಯದು ಇನ್ನೊಂದು ಬಗೆ. ತ್ರಿವೇಣಿಯವರ ‘ಶರಪಂಜರ’ ಅವರಿಗೆ ಸಿಕ್ಕಿದ್ದು ಕೈಯಿಂದ ಕೈಗೆ ದಾಟಿ ಕೊನೆಯ ಹಾಳೆಗಳೇ ಹರಿದುಹೋಗಿದ್ದ ಪ್ರತಿ. ಮಾನಸಿಕ ಕಾಯಿಲೆಯಿಂದ ಗುಣವಾಗಿ ಮನೆಗೆ ಬಂದ ಕಾವೇರಿಯ ಮುಂದಿನ ಬಾಳನ್ನು ಅವರು ತಾವೇ ಕಲ್ಪಿಸಿಕೊಂಡಿದ್ದರು. ಗಂಡ ತಪ್ಪೊಪ್ಪಿಕೊಂಡ, ಎಲ್ಲ ಸರಿಹೋಯಿತು ಎಂದು ನೆರೆಮನೆಯವರಿಗೂ ಹಾಗೆಯೇ ಹೇಳಿದ್ದರು. 1971ರಲ್ಲಿ ಪುಟ್ಟಣ್ಣ ಕಣಗಾಲ್ ಅವರ ಸಿನಿಮಾ ಬಂತು. ಕಲ್ಪನಾ ಅಭಿನಯದ ಕಾವೇರಿ ತೆರೆಯ ಮೇಲೆ ಮತ್ತೆ ಬುದ್ಧಿ ಸ್ವಾಧೀನ ಕಳೆದುಕೊಳ್ಳುವುದನ್ನು ಕಂಡು ಬಂದ ರಾತ್ರಿ ಅವರು ಊಟ ಮಾಡಲಿಲ್ಲ. “ಪುಸ್ತಕ ಚೆನ್ನಾಗಿತ್ತು, ಸಿನಿಮಾದವರು ಕೆಡಿಸಿದರು” ಎಂದಷ್ಟೇ ಅಂದರು. ಮಗ ಮೊದಲ ಸಂಬಳದಲ್ಲಿ ಅದರ ಹೊಸ ಪ್ರತಿಯನ್ನು ತಂದುಕೊಟ್ಟಾಗ ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿ ದೇವರ ಗೂಡಿನ ಪಕ್ಕದಲ್ಲಿಟ್ಟರು. ಕೊನೆಯವರೆಗೂ ಅದನ್ನು ತೆರೆಯಲಿಲ್ಲ.

ಸಂಬಳ ಬಂದ ಮೇಲೆ ಕಾದಂಬರಿಗಳು ಮನೆ ತುಂಬಿದವು. ಹೆಸರಿನ ರಬ್ಬರ್ ಮೊಹರು, ಕ್ರಮಸಂಖ್ಯೆ, ನುಸಿ ಗುಳಿಗೆ ಎಲ್ಲ ಬಂದವು. ವಿಚಿತ್ರವೆಂದರೆ, ಓದಿ ಮೈಮರೆತ ಪುಸ್ತಕಗಳು ಆ ಬೀರುವಿನಲ್ಲಿ ಹೆಚ್ಚಾಗಿ ಇಲ್ಲವೇ ಇಲ್ಲ. ಅ.ನ.ಕೃ. ಅವರ ಕಾದಂಬರಿಗಳನ್ನು ಸಾಲಾಗಿ ಓದಿದ್ದಾರೆ, ಒಂದೂ ಸ್ವಂತದ್ದಲ್ಲ. ನಾಳೆ ಹಿಂತಿರುಗಿಸಬೇಕು ಎಂಬ ಅವಸರವೇ ಅವನ್ನು ಓದಿಸಿತು. ಸ್ವಂತ ಪುಸ್ತಕಕ್ಕೆ ಅಂಥ ಅವಸರವಿಲ್ಲ, ನಾಳೆಯೂ ಅಲ್ಲೇ ಇರುತ್ತದೆ. ಹಿಂದೆ ಗಳಗನಾಥರು ತಮ್ಮ ಕಾದಂಬರಿಗಳ ಹೊರೆ ಹೊತ್ತು ಊರೂರು ಅಲೆದು ಮಾರಿದರಂತೆ. ಹಾಗೆ ಮನೆ ಬಾಗಿಲಿಗೆ ಬಂದ ಪುಸ್ತಕವನ್ನು ಕೊಂಡವರಲ್ಲಿ ಓದದೆ ಇಟ್ಟವರು ಕಡಿಮೆಯೇ ಇದ್ದಿರಬೇಕು.

ಓದದೆ ಉಳಿದವುಗಳಲ್ಲಿ ಎಲ್ಲಕ್ಕಿಂತ ನಾಚಿಕೆಯದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. ಕಾದಂಬರಿ ಹೊರಬಂದದ್ದು 1967ರಲ್ಲಿ. ಇವರು ಕೊಂಡದ್ದು 1978ರಲ್ಲಿ. ಮೂರು ಸಲ ಶುರು ಮಾಡಿ, ಮೂರು ಸಲವೂ ಜನರ ಹೆಸರುಗಳು ಕಲಸಿಹೋಗಿ ಮೂವತ್ತನೆಯ ಪುಟದ ಆಸುಪಾಸಿನಲ್ಲಿ ಬಿಟ್ಟರು. ಮಲೆನಾಡಿನಲ್ಲೇ ಹುಟ್ಟಿದವರು! ಯಾರಾದರೂ ಆ ಮಾತೆತ್ತಿದರೆ “ಅದ್ಭುತ” ಎಂದು ತಲೆಯಾಡಿಸಿ ಪಾರಾಗುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಮೊಮ್ಮಗಳು ನೀಟ್ ಪರೀಕ್ಷೆಗೆ ಓದಿಕೊಳ್ಳಲು ಬೆಂಗಳೂರಿನ ಗದ್ದಲದಿಂದ ಶಿವಮೊಗ್ಗಕ್ಕೆ ಬಂದಳು. ಮಗಳು ಫೋನಿನಲ್ಲಿ ದಿನವೂ ಕೇಳುವುದು ಒಂದೇ: “ಅಪ್ಪಾ, ಓದ್ತಾ ಇದ್ದಾಳಾ?” ಓದುತ್ತಿದ್ದಳು, ಸಂಶಯವಿಲ್ಲ. ಒಂದು ಮಧ್ಯಾಹ್ನ ಇವರು ಇಣುಕಿದಾಗ ಭೌತಶಾಸ್ತ್ರದ ಪುಸ್ತಕ ಮಗ್ಗುಲಲ್ಲಿ ಬೋರಲು ಬಿದ್ದಿತ್ತು. ಕೈಯಲ್ಲಿದ್ದದ್ದು ಆ ‘ಮದುಮಗಳು’. ಇವರ ಕೈ ತಾನಾಗಿಯೇ ಮುಂದೆ ಚಾಚಿತು. ಥೇಟ್ ಅಪ್ಪನ ಕೈ.

ಅವಳು ಬೆಚ್ಚಲೂ ಇಲ್ಲ. “ಅಜ್ಜಾ, ಒಂದೇ ಒಂದು ಹೇಳಿ. ಗುತ್ತಿಯ ನಾಯಿ ಇದೆಯಲ್ಲ, ಹುಲಿಯ, ಅದಕ್ಕೆ ಕೊನೆಗೆ ಏನೂ ಆಗಲ್ಲ ತಾನೆ? ಅಷ್ಟು ಹೇಳಿದರೆ ಪುಸ್ತಕ ಮುಚ್ಚಿ ಫಿಸಿಕ್ಸ್ ಓದ್ತೀನಿ” ಎಂದಳು.

ಮೊದಲ ಪುಟದಲ್ಲಿ ಇವರದೇ ಮೊಹರು, ಇವರದೇ ಸಹಿ. ಮೊಮ್ಮಗಳು ಕಾಯುತ್ತಿದ್ದಳು. ಚಾಚಿದ ಕೈ ಹಿಂದಕ್ಕೆ ಬಂತು. “ನಾನು ಅದನ್ನ ಓದಿಲ್ಲ ಕಣೇ” ಎಂದರು.

ಅವಳು ಕಪಾಟಿನತ್ತ ನೋಡಿದಳು, ಇವರತ್ತ ನೋಡಿದಳು. ಒಪ್ಪಂದವಾಯಿತು. ಹಗಲು ಪುಸ್ತಕ ಅಜ್ಜನ ಹತ್ತಿರ, ರಾತ್ರಿ ಊಟವಾದ ಮೇಲೆ ಒಂದು ಗಂಟೆ ಮೊಮ್ಮಗಳ ಹತ್ತಿರ. ಮಗಳಿಗೆ ಇಬ್ಬರೂ ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಇವರು ಕನ್ನಡಕ ಒರೆಸಿಕೊಂಡು ಜಗಲಿಯಲ್ಲಿ ಕೂತರು. ಹೆಸರುಗಳು ಈ ಸಲವೂ ಕಲಸಿಹೋಗದಿರಲೆಂದು ಪಕ್ಕದಲ್ಲೊಂದು ಬಿಳಿ ಹಾಳೆ, ಪೆನ್ಸಿಲ್.

“ಎಲ್ಲಿಗೆ ಬಂತು ಅಜ್ಜಾ?” ಎಂದು ಒಳಗಿನಿಂದ ಕೇಳಿದಳು.

“ನೀನು ಓದ್ಕೋ. ಗುತ್ತಿ ಇನ್ನೂ ಕಾಡಿನ ದಾರಿಯಲ್ಲೇ ಇದ್ದಾನೆ” ಎಂದರು.